ಪೂಜೆಗೆ ಕೂತ ಅತ್ತೆ ನದಿ ದಾಟಿದ್ದು

ನಾನು ಮೊದಲ ಸಲ ಸಮುದ್ರ ನೋಡಿದ್ದು ಹೇಗೆ ಅಂತ ನೀವು ಕೇಳುತ್ತಲೇ ಇರುತ್ತೀರಿ. ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ನಗು ಬಂದು ಮಾತು ನಿಂತುಹೋಗುತ್ತದೆ. ಅದಕ್ಕೆ ಬರೆದಿಡುತ್ತಿದ್ದೇನೆ, ಓದಿಕೊಳ್ಳಿ.

ಆಗ ನಾವು ರಾಜಾಜಿನಗರದಲ್ಲಿ ಒಂದು ಮನೆಯ ಹಿಂದಿನ ಪೋರ್ಷನ್‌ನಲ್ಲಿ ಬಾಡಿಗೆಗೆ ಇದ್ದೆವು. ಎಪ್ಪತ್ತನಾಲ್ಕೋ ಎಪ್ಪತ್ತೈದೋ ಇರಬೇಕು, ನಿಮ್ಮಪ್ಪ ಮೂರನೇ ಕ್ಲಾಸು. ನಿಮ್ಮಜ್ಜ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಲೇತ್ ಹಾಕಿಕೊಂಡಿದ್ದರು. ಒಮ್ಮೆ ಯಾವುದೋ ಐಸ್ ಫ್ಯಾಕ್ಟರಿಯ ಮಿಷಿನ್ ರಿಪೇರಿಗೆ ಅಂತ ಉತ್ತರ ಕನ್ನಡದ ಕಡಲ ಕಡೆ ಹೋಗಿ ಬಂದರು. ಬಂದ ಮೇಲೆ ಎಷ್ಟೋ ದಿನ ಊಟಕ್ಕೆ ಕೂತರೂ ಅದೇ ಮಾತು.

"ಅಲ್ಲಿ ಬೆಟ್ಟ ಸೀದಾ ನೀರಿಗೆ ಇಳಿದುಬಿಡುತ್ತೆ ಅವ್ವ. ಎರಡು ಬೆಟ್ಟದ ಸಂದೀಲಿ ಸಮುದ್ರ ಒಳಗೆ ನುಗ್ಗಿ ಬರುತ್ತೆ, ಮೈಲಿಗಟ್ಟಲೆ. ರಸ್ತೆ ಇದ್ದಕ್ಕಿದ್ದಂತೆ ನೀರಲ್ಲಿ ಮುಗಿದುಹೋಗುತ್ತೆ. ಕಾರನ್ನ ದೋಣಿ ಮೇಲೆ ಹತ್ತಿಸಿ ಆ ಕಡೆ ಬಿಡ್ತಾರೆ."

ನಮ್ಮತ್ತೆ ನಂಬಲಿಲ್ಲ. "ಕಾರು ಹೊತ್ತುಕೊಂಡು ಹೋಗೋ ದೋಣಿನಾ? ನಾಳೆ ಎಮ್ಮೆ ಹಾರುತ್ತೆ ಅಂತೀಯ" ಅಂದರು. ನನಗೆ ನಮ್ಮೂರ ಶಾಲೆ ನೆನಪಾಯಿತು. ಅದರ ಗೋಡೆ ಮೇಲೆ ಮೇಷ್ಟ್ರು ಬರೆದಿದ್ದ ನಕ್ಷೆಯಲ್ಲಿ ಎಡಗಡೆ ಪೂರ್ತಿ ನೀಲಿ ಬಳಿದಿದ್ದರು. ಚಿತ್ರದುರ್ಗದ ಕಡೆಯ ನಮ್ಮೂರಲ್ಲಿ ಕೆರೆಯೇ ಮೂರು ವರ್ಷಕ್ಕೊಮ್ಮೆ ತುಂಬುತ್ತಿತ್ತು. ಅಷ್ಟು ನೀಲಿ ಎಲ್ಲಾದರೂ ಇರುತ್ತದೆಯೇ ಅಂತ ಆ ಗೋಡೆ ನೋಡುತ್ತಾ ಕೂತಿರುತ್ತಿದ್ದೆ. ಈಗ ಅದನ್ನು ನೋಡಲೇಬೇಕು ಅನ್ನಿಸಿತು. ಬಾಯಿಬಿಟ್ಟು ಕೇಳುವ ಅಭ್ಯಾಸ ನನಗಿರಲಿಲ್ಲ, ಆದರೆ ನಿಮ್ಮಜ್ಜನಿಗೆ ಗೊತ್ತಾಗಿತ್ತು. ಬೇಸಿಗೆ ರಜಕ್ಕೆ ಹೊರಡೋಣ ಅಂದರು.

ನಮ್ಮದು ಯಾರೋ ಓಡಿಸಿ ಬಿಟ್ಟ ಹಳೇ ಕಾರು. ಮುಂದಿನ ಮನೆಯವರು ಗೇಟಿನ ಹತ್ತಿರ ನಿಂತು, "ತುಮಕೂರು ತನಕ ಹೋದರೆ ಒಂದು ಕಾಗದ ಹಾಕಿ ಸಾರ್" ಅಂತ ನಗಾಡಿದರು. ಅತ್ತೆ ಹಿಂದಿನ ಸೀಟಿನಲ್ಲಿ ತಮ್ಮ ಪೂಜೆಯ ಚೀಲ, ತಿರುಪಿನ ಮುಚ್ಚಳದ ಹಿತ್ತಾಳೆ ಕೂಜಾ ಇಟ್ಟುಕೊಂಡು ಕೂತರು. ಜೋಳದ ರೊಟ್ಟಿಯ ಗಂಟು ನನ್ನ ತೊಡೆ ಮೇಲೆ. ನಿಮ್ಮಪ್ಪ ನಮ್ಮಿಬ್ಬರ ನಡುವೆ ನಿಂತೇ ಬಂದ. ಕಾರು ತುಮಕೂರು ದಾಟಿತು. ಚಿತ್ರದುರ್ಗ, ಹಾವೇರಿ ಎಲ್ಲ ದಾಟಿ, ಸಂಜೆಗೆ ಶಿರಸಿ ಸೇರಿ, ಒಂದು ಛತ್ರದಲ್ಲಿ ಉಳಿದೆವು.

ಇಲ್ಲಿ ಒಂದು ವಿಷಯ ಹೇಳಬೇಕು. ನೀವು ಈಗ ಕಂಡಿಲ್ಲದಿದ್ದರೂ ನಮ್ಮ ಮನೆಗಳಲ್ಲಿ ಹಿರಿಯರು ಕೊರಳಲ್ಲಿ ಲಿಂಗ ಕಟ್ಟಿಕೊಂಡಿರುತ್ತಾರೆ. ಬೆಳಿಗ್ಗೆ ಸ್ನಾನ ಮಾಡಿ, ಅದನ್ನು ಎಡಗೈಯಲ್ಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಇಟ್ಟು, ಕಣ್ಣೆವೆ ಮಿಟುಕಿಸದೆ ನೋಡುತ್ತಾ ಕೂರುವುದು. ನಮ್ಮತ್ತೆ ಆ ಪೂಜೆ ಆಗುವ ತನಕ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಪೂಜೆಯ ನೀರು ಹರಿಯುವ ಹೊಳೆಯದಾಗಬೇಕು, ಇಲ್ಲವೇ ಮನೆಯವರೇ ಸೇದಿ ಬಟ್ಟೆಯಲ್ಲಿ ಸೋಸಿದ್ದಾಗಬೇಕು.

ಛತ್ರದ ಬಚ್ಚಲು ಅವರಿಗೆ ಸರಿಬರಲಿಲ್ಲ. "ಮುಂದೆ ದೊಡ್ಡ ಹೊಳೆ ಇದೆಯಂತಲ್ಲ, ಅಲ್ಲೇ ಮಿಂದು ಪೂಜೆ ಮಾಡ್ತೀನಿ" ಅಂದರು. ಬೆಳಕು ಹರಿಯುವ ಮೊದಲೇ ಹೊರಟೆವು. ಘಟ್ಟದ ತಿರುವುಗಳಲ್ಲಿ ಕಾರು ಬಿಸಿಯಾಗಿ ಬುಸುಗುಟ್ಟತೊಡಗಿತು. ಹಳ್ಳಗಳೆಲ್ಲ ಒಣಗಿದ್ದವು. ನಿಮ್ಮಜ್ಜ ಇಳಿದವರು ಸುತ್ತ ನೋಡಿ, ಅತ್ತೆಯ ಕೂಜಾ ಕೇಳಿದರು.

"ಪೂಜೆ ನೀರು ಕಣೋ ಅದು."

"ಮುಂದೆ ಇಡೀ ಹೊಳೆ ಇದೆ ಅವ್ವ. ಎಷ್ಟು ಬೇಕಾದರೂ ತುಂಬ್ಕೋಬಹುದು."

ಅತ್ತೆಗೂ ಅದು ಸರಿಯೆನಿಸಿತು. ನನಗೂ ಅನಿಸಿತು. ಕೂಜಾದ ನೀರಷ್ಟೂ ರೇಡಿಯೇಟರ್ ಕುಡಿಯಿತು.

ಘಟ್ಟ ಇಳಿದು, ಒಂದಷ್ಟು ದೂರ ಹೋದ ಮೇಲೆ ನದಿ ಬಂತು. ಅಲ್ಲಿ ನದಿ ಒಂದಲ್ಲ, ಸಾಲಾಗಿವೆ. ಇದು ಯಾವುದು ಅಂತ ಈಗ ಹೇಳಿದರೆ ತಪ್ಪಾದೀತು. ನಿಮ್ಮಜ್ಜ ಹೇಳಿದಂತೆಯೇ ರಸ್ತೆ ನೀರಿಗೆ ಇಳಿದು ಮುಗಿದಿತ್ತು. ಎರಡೂ ಕಡೆ ಕಡುಹಸಿರು ಬೆಟ್ಟ, ನಡುವೆ ಅಲುಗಾಡದ ಅಗಲ ನೀರು. ಬೆಟ್ಟ ತಲೆಕೆಳಗಾಗಿ ನೀರಿನೊಳಗೂ ಇತ್ತು. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ ಕಟ್ಟಿ, ಮೇಲೆ ಹಲಗೆ ಹಾಸಿದ್ದರು. ಕಾರು ದಾಟಿಸುವ ದೋಣಿ ಅದೇ. ನೀರು ಏರಿ ದೋಣಿ ದಡದ ಮಟ್ಟಕ್ಕೆ ಬರುವ ತನಕ ಕಾಯಬೇಕು ಅಂದ ಅಂಬಿಗ. ಆ ಕಡೆ ದಾಟಿ ಒಂದು ಗುಡ್ಡ ಸುತ್ತಿದರೆ ಸಮುದ್ರವಂತೆ.

ಅತ್ತೆ ಸೀರೆ ಎತ್ತಿಕಟ್ಟಿ ದಡದ ಮೆಟ್ಟಿಲಿಳಿದು, ಬೊಗಸೆಯಲ್ಲಿ ನೀರು ತೆಗೆದು ಬಾಯಿ ಮುಕ್ಕಳಿಸಿದವರು ಥೂ ಎಂದು ಉಗಿದರು. ನಮ್ಮ ಕಡೆ ತಿರುಗಿದ ಮುಖ ಹುಣಸೆಹಣ್ಣು ಕಚ್ಚಿದ ಹಾಗಿತ್ತು.

"ಉಪ್ಪು" ಅಂದರು.

ನಿಮ್ಮಜ್ಜ ಹೋಗಿ ನೆಕ್ಕಿ ನೋಡಿದರು. ನಿಮ್ಮಪ್ಪನೂ ನೆಕ್ಕಿದ. ಅಂಬಿಗ ಆ ಮೂವರನ್ನೂ ಬೆರಗಿನಿಂದ ನೋಡುತ್ತಿದ್ದ. "ಕಡಲು ಇಲ್ಲಿಯವರೆಗೂ ಬರ್ತದಲ್ಲ ಮಾರಾಯ್ರೆ, ಉಪ್ಪಿರೂದಿಲ್ವಾ?" ಅಂದ. ಸಮುದ್ರ ಒಳಗೆ ನುಗ್ಗುತ್ತದೆ ಅಂತ ಅಷ್ಟು ದಿನ ನಮಗೆ ವರ್ಣಿಸಿದವರೇ ನಿಮ್ಮಜ್ಜ. ಕೇಳಿದ್ದು ನಾವೆಲ್ಲ. ಆ ನೀರು ಉಪ್ಪಾಗಿರುತ್ತದೆ ಅಂತ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಬಯಲುಸೀಮೆಯವರಿಗೆ ಹೊಳೆ ಅಂದರೆ ಸಿಹಿನೀರೇ.

ಬಿಸಿಲು ಏರುತ್ತಿತ್ತು. ಹಿಂದಿನ ರಾತ್ರಿ ಉಂಡಿದ್ದೇ ಕೊನೆ, ಅತ್ತೆಯ ತುಟಿ ಒಣಗಿತ್ತು. ಕಾರಿನೊಳಗೆ ಕೂತು, "ತಿರುಗಿಸು, ಶಿರಸಿಗೇ ಹೋಗೋಣ. ಇಷ್ಟು ನೋಡಿದ್ದು ಸಾಕು" ಅಂದರು. ನಿಮ್ಮಜ್ಜ ನನ್ನ ಮುಖ ನೋಡಿದರು. ಒಮ್ಮೆ ಹಿಂದೆ ತಿರುಗಿದರೆ ಮತ್ತೆ ಈ ಕಡೆ ಬರುವುದು ಸುಳ್ಳು ಅಂತ ಇಬ್ಬರಿಗೂ ಗೊತ್ತು. ತಾಯಿ ಉಪವಾಸ ಇರುವಾಗ ಅವರಾದರೂ ಏನು ಮಾಡಿಯಾರು. ಕೀಲಿ ಕೈಗೆ ತೆಗೆದುಕೊಂಡರು.

ನಾನು ಖಾಲಿ ಕೂಜಾ ಎತ್ತಿಕೊಂಡೆ. "ನೀರು ತರ್ತೀನಿ" ಅಂದು, ಯಾರೂ ಏನೂ ಹೇಳುವ ಮೊದಲೇ ತೆಂಗಿನ ಮರಗಳ ಕಡೆ ನಡೆದೆ.

ಮರಗಳ ಹಿಂದೆ ತೆಂಗಿನ ಗರಿ ಹೆಣೆದ ಮಡಲು ಹೊದಿಸಿದ ಒಂದು ಮನೆ. ಅಂಗಳದಲ್ಲಿ ಬಲೆ ಹರವಿತ್ತು. ನನ್ನ ವಯಸ್ಸಿನವಳೇ ಒಬ್ಬಳು ಮೀನು ಒಣಹಾಕುತ್ತಿದ್ದಳು. ಗುರುತಿಲ್ಲದವರ ಮನೆ ಮುಂದೆ ನಿಂತು ಕೇಳುವುದು ನನಗೆ ಅದೇ ಮೊದಲು. ಕೂಜಾ ಮುಂದೆ ಹಿಡಿದು ನಿಂತೆ. ಅವಳು ಒಳಗಿನಿಂದ ಕೊಡ ತಂದು ಬಗ್ಗಿಸಲು ಬಂದಳು. ಈಗ ಹೇಳದಿದ್ದರೆ ಆಗುವುದಿಲ್ಲ ಅಂತ, "ನಮ್ಮತ್ತೆ ಪೂಜೆಗೆ... ನಾನೇ ಸೇದಬೇಕು" ಅಂದುಬಿಟ್ಟೆ. ಅವಳಿಗೆ ಬೇಜಾರಾಯಿತೇನೋ ಅಂತ ತಲೆ ತಗ್ಗಿಸಿದೆ.

"ಸೇದಿ, ನಂಗೇನು. ಕೆಲಸ ಒಂದು ಕಮ್ಮಿಯಾಯ್ತು" ಅಂದಳು ನಗುತ್ತಾ.

ಬಾವಿ ಮನೆಯ ಪಕ್ಕದಲ್ಲೇ ಇತ್ತು. ನಮ್ಮೂರ ಬಾವಿಯ ರೂಢಿಯಲ್ಲಿ ನಾನು ಕಣ್ಣು ಮುಚ್ಚಿ ಹಗ್ಗ ಬಿಡುತ್ತಲೇ ಹೋದೆ. ಅವಳು ಹೊಟ್ಟೆ ಹಿಡಿದು ನಕ್ಕಳು. ಬಗ್ಗಿ ನೋಡಿದರೆ ನೀರು ಕೈಗೆಟುಕುವಷ್ಟು ಮೇಲಿದೆ, ಬಿಂದಿಗೆ ಎಂದೋ ಮುಳುಗಿ, ಹಗ್ಗವೆಲ್ಲ ಸುರುಳಿ ಸುತ್ತಿ ಮೇಲೆ ತೇಲುತ್ತಿತ್ತು. ನನಗೂ ನಗು ತಡೆಯಲಿಲ್ಲ. ಆಮೇಲೆ ಅವಳು, "ಪೂಜೆ ಮಾಡೋ ಅತ್ತೇನ ನೋಡ್ತೆ" ಅಂತ ನನ್ನ ಜೊತೆಗೇ ಹೊರಟಳು.

ಅತ್ತೆ ಕೂಜಾದೊಳಗೆ ಇಣುಕಿ, ನನ್ನನ್ನು ನೋಡಿ, ಮೀನಿನ ವಾಸನೆ ಬರುತ್ತಿದ್ದ ಅವಳನ್ನು ನೋಡಿದರು.

"ಯಾರು ಸೇದಿದ್ದು?"

"ನಾನೇ. ಸೆರಗಲ್ಲಿ ಸೋಸಿದ್ದೀನಿ."

"ಬಾವಿ ನಿಮ್ಮದೇನಮ್ಮಾ?"

"ಹೌದು, ನಮ್ಮದೇ."

"ಕುಡಿಯೋಕೂ ಇದೇನಾ?"

"ಮತ್ತೆಂತ, ಹೊಳೆ ನೀರು ಕುಡೂಕೆ ನಾವು ನಿಮ್ಮ ಹಾಗೆ ಹೊಸಬರಾ?"

ನಮ್ಮತ್ತೆಗೆ ಹಾಗೆ ಎದುರು ಮಾತಾಡಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಅವಳನ್ನೇ ಒಂದು ಗಳಿಗೆ ನೋಡಿ, ಫಕ್ಕನೆ ನಕ್ಕು, ಕೂಜಾಕ್ಕೆ ಕೈ ಚಾಚಿದರು.

ಸ್ನಾನಕ್ಕೆ ನೀರು ಸಾಲದೆ ಕೈಕಾಲು ಮುಖವಷ್ಟೇ ತೊಳೆದುಕೊಂಡರು. ಹೊರಗೆ ಗಾಳಿಗೆ ವಿಭೂತಿ ಹಾರುತ್ತಿತ್ತು. ಅದಕ್ಕೆ ಕಾರಿನ ಹಿಂದಿನ ಸೀಟಿನಲ್ಲೇ ಪೂಜೆಗೆ ಕೂತರು. ನಾನು ಕಿಟಕಿಗೆ ಸೀರೆ ಕಟ್ಟಿದೆ. ಅತ್ತೆಯ ದೃಷ್ಟಿ ಅಂಗೈ ಮೇಲೆ ನಿಂತಿತೋ ಇಲ್ಲವೋ, ಅಂಬಿಗ ಕೂಗಿದ. ನೀರು ಸರಿಯಾಗಿದೆ, ಎಲ್ಲರೂ ಕಾರಿನಿಂದ ಇಳಿಯಿರಿ, ಖಾಲಿ ಕಾರು ಹತ್ತಿಸಬೇಕು ಅಂದ.

"ನಮ್ಮವ್ವ ಪೂಜೆಗೆ ಕೂತಿದಾರೆ" ಅಂದರು ನಿಮ್ಮಜ್ಜ.

"ಎಷ್ಟು ಹೊತ್ತು?"

"ಅದನ್ನ ಕೇಳೋ ಹಾಗಿಲ್ಲ."

"ನೀರು ನಿಲ್ಲೂದಿಲ್ಲ ಮಾರಾಯ್ರೆ, ಇಳಿತ ಶುರುವಾಗ್ತದೆ. ಈಗ ಬಿಟ್ಟರೆ ಸಂಜೆಗೇ."

ಅಂಬಿಗ ಸೀರೆಯ ಸಂದಿಯಿಂದ ಇಣುಕಿದ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಲಿಂಗ, ಕಲ್ಲಿನ ಹಾಗೆ ಕೂತ ಮುದುಕಿ. ತಲೆ ಕೆರೆದುಕೊಂಡ. "ಇಂಜಿನ್ ಹಾಕೂದು ಬೇಡ, ತಳ್ಳುವ. ಅಲುಗಿದರೆ ದೇವರು ಕೆಳಗೆ ಬಿದ್ದೀತು" ಅಂದ. ಅವನ ಕಡೆಯವರು, ಆ ದಡಕ್ಕೆ ಹೋಗಲು ಕಾದಿದ್ದವರು, ಮೀನಿನವಳು, ನಾನು, ನಿಮ್ಮಪ್ಪ ಎಲ್ಲರೂ ಹಿಂದಿನಿಂದ ಕೈ ಹಚ್ಚಿದೆವು. ನಿಮ್ಮಜ್ಜ ಸ್ಟೀರಿಂಗ್ ಹಿಡಿದರು. ಯಾರೂ ಐಸಾ ಅನ್ನಲಿಲ್ಲ, ಬಾಯಿಗೆ ಬೆರಳಿಟ್ಟುಕೊಂಡೇ ತಳ್ಳಿದ್ದು. ಕಾರು ಎರಡು ಹಲಗೆಗಳ ಮೇಲೆ, ತೊಟ್ಟಿಲು ತೂಗಿದ ಹಾಗೆ, ದೋಣಿಗೆ ಏರಿತು. ಮೀನಿನವಳು ದಡದಲ್ಲೇ ನಿಂತು ಕೈ ಬೀಸಿದಳು.

ಅಂಬಿಗರು ಉದ್ದದ ಬಿದಿರ ಗಳಗಳಿಂದ ಒತ್ತುತ್ತಾ ದೋಣಿಯನ್ನು ನದಿಯ ನಡುವಿಗೆ ತಂದಿದ್ದರು. ಆಗ ಕಿಟಕಿಯ ಸೀರೆ ಸರಿಯಿತು. ಅತ್ತೆ ಲಿಂಗವನ್ನು ಕಣ್ಣಿಗೊತ್ತಿ ಕೊರಳಿಗೆ ಕಟ್ಟಿಕೊಂಡು, ಹೊರಗೆ ನೋಡಿದರು. ಆ ಕಡೆ ನೀರು. ಈ ಕಡೆ ತಿರುಗಿದರು, ಅಲ್ಲೂ ನೀರು.

"ಅಜ್ಜಿ, ನಾವು ದೋಣಿ ಮೇಲಿದೀವಿ" ಅಂದ ನಿಮ್ಮಪ್ಪ.

"ನನ್ನ ಕೇಳದೆ ಹೊತ್ತುಕೊಂಡು ಬಂದ್ರಾ?"

ಅತ್ತೆ ಬೆಟ್ಟಗಳನ್ನು ಎರಡೂ ಕಡೆ ಸಾವಕಾಶವಾಗಿ ನೋಡಿದರು. ಆಮೇಲೆ ಕೂಜಾದಲ್ಲಿ ಉಳಿದಿದ್ದ ನೀರನ್ನು ಗಟಗಟ ಕುಡಿದು, "ರೊಟ್ಟಿ ಬಿಚ್ಚೇ" ಅಂದರು. ಕಾರಿನಿಂದ ಇಳಿಯಲೇ ಇಲ್ಲ. ಬಾಗಿಲು ತೆರೆದು ರಾಣಿಯ ಹಾಗೆ ಕೂತು, ಅಂಬಿಗರಿಗೂ ರೊಟ್ಟಿ, ಶೇಂಗಾ ಚಟ್ನಿಪುಡಿ ಹಂಚಿದರು. ಒಬ್ಬ ಗಟ್ಟಿ ರೊಟ್ಟಿ ಮುರಿಯಲಾರದೆ, "ಇದು ಹಲಗೆಗೆ ಹೊಡೆಯುವುದಾ, ತಿನ್ನುವುದಾ ಅಮ್ಮಾ?" ಅಂದ. "ಹಲ್ಲಿಲ್ಲದ ನಾನೇ ತಿಂತೀನಿ, ನಿನಗೇನೋ ರೋಗ" ಅಂದರು ಅತ್ತೆ.

ಆ ದಡ ಇಳಿದು ಗುಡ್ಡ ಸುತ್ತಿದೆವು. ಗಾಳಿ ಮೊದಲು ಬಂತು, ಆಮೇಲೆ ಸದ್ದು, ಆಮೇಲೆ ಅದು. ಕಾರು ಪೂರ್ತಿ ನಿಂತಿರಲೂ ಇಲ್ಲ, ನಾನು ಬಾಗಿಲು ತೆಗೆದು ಇಳಿದಿದ್ದೆ. ಮರಳಲ್ಲಿ ಚಪ್ಪಲಿ ಹೂತುಹೋಯಿತು, ತಲೆ ಮೇಲಿನ ಸೆರಗು ಹಾರಿ ಹಿಂದಕ್ಕೆ ಬಿತ್ತು. ನಿಮ್ಮಜ್ಜ ಗಾಬರಿಯಾಗಿ, "ನಿಧಾನ, ಅವ್ವ ನೋಡ್ತಿದಾರೆ" ಅಂದಿದ್ದು ಕೇಳಿಸಿತು.

"ಓಡಲಿ ಬಿಡೋ" ಅಂದರು ನಮ್ಮತ್ತೆ ಕಾರಿನೊಳಗಿಂದ. "ನನ್ನ ಕೈ ಹಿಡಿದು ಇಳಿಸು, ನಾನೂ ಹೋಗಬೇಕು."