ಬರ್ತೀನಿ ಅಂದವರು

ಕಡಕೊಳದಾಚೆ ಮೂರು ಗಂಟೆ ನಡೆದ ಮೇಲೆ ಹೊಲ, ಮನೆ, ಮರ ಎಲ್ಲ ಮುಗಿದು ಬರೀ ಹುಲ್ಲಿನ ಬಯಲು ಉಳಿಯಿತು. ಇಷ್ಟು ಬೋಳು ಜಾಗದಲ್ಲಿ ಮನುಷ್ಯರು ಕಳೆದುಹೋಗಬಹುದೆಂದು ನಾನು ಎಣಿಸಿರಲಿಲ್ಲ. ಅಕ್ಕ ಶೂ ಲೇಸು ಕಟ್ಟಿಕೊಂಡು ಏಳುವಷ್ಟರಲ್ಲಿ, ಮುಂದೆ ಹೋಗಿದ್ದ ಹನ್ನಾ ಕಾಣಿಸಲಿಲ್ಲ. ಈ ಜರ್ಮನ್ ಹುಡುಗಿ ಸಿದ್ಧಾರ್ಥನಗರದ ನಮ್ಮ ಮನೆಯ ಮಹಡಿಯಲ್ಲಿದ್ದು, ಅಕ್ಕನ ಹತ್ತಿರ ಕನ್ನಡ ಕಲಿಯುತ್ತಾಳೆ. ಫೋನಿಗೆ ಸಿಗ್ನಲ್ ಇರಲಿಲ್ಲ. ನೀರೆಲ್ಲ ನನ್ನ ಚೀಲದಲ್ಲೇ ಇತ್ತು. ಒಂದೂವರೆ ಗಂಟೆ ಕೂಗುತ್ತಾ ಹುಡುಕಿದೆವು.

ಕೊನೆಗೆ ಒಂದು ತಗ್ಗಿನಲ್ಲಿ, ಬಂಡೆಯ ನೆರಳಿನಲ್ಲಿ ಅವಳು ಆರಾಮವಾಗಿ ಕೂತಿದ್ದಳು.

"ಇಲ್ಲೇನೇ ಮಾಡ್ತಿದೀಯ?" ಅಕ್ಕ ಅಳುತ್ತಲೇ ಗದರಿದಳು.

"ಕುರಿ ಕಾಯೋ ಅಜ್ಜ ಸಿಕ್ಕಿದ್ರು. ನಿಮ್ಮನ್ನ ನೋಡಿದ್ರಾ ಅಂತ ಕೇಳಿದೆ. ಇಲ್ಲ, ಬರ್ತೀನಿ ಕಣವ್ವ ಅಂದ್ರು. ಅದಕ್ಕೇ ಕಾಯ್ತಿದೀನಿ."

ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ, ಅದು ಹೋಗ್ತೀನಿ ಅಂತ ಕಣೇ! ನಮ್ಮಲ್ಲಿ ಹೊರಡೋರು ಯಾರೂ ಹೋಗ್ತೀನಿ ಅನ್ನಲ್ಲ. ನಾನೇ ಹೇಳಿಕೊಡೋದು ಮರೆತ್ಬುಟ್ಟೆ!"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೊರಡೋಣವೆಂದರೆ ಹನ್ನಾ ಏಳಲೊಲ್ಲಳು. ಅಜ್ಜ ಬಂದು ತನ್ನನ್ನು ಹುಡುಕಿದರೆ ಏನು ಗತಿ ಎಂಬುದೇ ಅವಳ ಚಿಂತೆ. ಅಕ್ಕ ಇನ್ನೊಮ್ಮೆ ವಿವರಿಸುತ್ತಿದ್ದಾಗ, ದಿಬ್ಬದ ಮೇಲಿಂದ ಕುರಿಗಳು ಇಳಿದವು. ಹಿಂದೆಯೇ ಕೋಲು ಊರಿಕೊಂಡು ಒಬ್ಬ ಮುದುಕ ಬಂದ.

"ಆ ಗುಡ್ಡದಿಂದ ನೋಡ್ತಾನೇ ಇವ್ನಿ, ಕೂತೋಳು ಎದ್ದೇ ಇಲ್ವಲ್ಲ ಅಂತ ತಿರುಗಿ ಬಂದೆ. ಯಾಕವ್ವ, ಕಾಲು ಉಳುಕ್ತಾ?"

ಹನ್ನಾ ಎದ್ದು ನಿಂತು, ಅಕ್ಕನ ಕಡೆ ತಿರುಗಿದಳು. "ನೋಡಿ, ಬಂದ್ರಲ್ಲ!"