ಮುಡಿಯೂ ಇಲ್ಲ, ಟಾಪೂ ಇಲ್ಲ

ನಮ್ಮ ಜೀಪಿನ ಕ್ಯಾನ್ವಾಸ್ ಟಾಪಿಗೂ ನನ್ನ ಜಡೆಗೂ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಮಿಲಿಟರಿಯವರು ಹರಾಜು ಹಾಕಿದ್ದ ಆ ಜೀಪನ್ನು ನನ್ನ ಯಜಮಾನರು ಶಿವಾಜಿನಗರದ ಗ್ಯಾರೇಜೊಂದರಲ್ಲಿ ಕೊಂಡು, ಜೋಗುಪಾಳ್ಯದ ನಮ್ಮ ಬಾಡಿಗೆ ಮನೆಯ ಮುಂದೆ ತಂದು ನಿಲ್ಲಿಸಿದ್ದರು. ವಾರವಿಡೀ ಕಾರ್ಖಾನೆಯಲ್ಲಿ ಬಾಯಿ ಮುಚ್ಚಿಕೊಂಡು ದುಡಿಯುವ ಈ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ. ಟಾಪು ಬಿಚ್ಚಿ, ಹೈವೇಯಲ್ಲಿ ಗಾಳಿಗೆ ಮೈಯೊಡ್ಡಿ ಜೀಪು ಓಡಿಸಬೇಕು. ಒಮ್ಮೆ ಹಾಗೆ ಹೊಸಕೋಟೆಯವರೆಗೆ ಹೋಗಿ ಬಂದೆವು. ಸೊಂಟ ದಾಟಿ ಇಳಿದಿದ್ದ ನನ್ನ ಕೂದಲು ಕಾಗೆ ಗೂಡಾಗಿತ್ತು. ಸಿಕ್ಕು ಬಿಡಿಸುವಷ್ಟರಲ್ಲಿ ಅತ್ತೆಗೆ ಸಾಕುಸಾಕಾಯಿತು. "ಇನ್ನೊಂದ್ಸಲ ಟಾಪು ಬಿಚ್ಚು ನೋಡು, ತಲೆ ಬೋಳಿಸಿಬಿಡ್ತೀನಿ" ಎಂದು ಮಗನಿಗೆ ಬೈದರು. ಅಂದಿನಿಂದ ಟಾಪಿನ ಬಕಲುಗಳು ತುಕ್ಕು ಹಿಡಿಯತೊಡಗಿದವು.

ಕೊನೆಗೆ ಬೋಳಾದದ್ದು ನನ್ನ ತಲೆ.

ನಾನು ಟೈಫಾಯಿಡ್ ಬಂದು ಆಸ್ಪತ್ರೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ ಅತ್ತೆ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದರು. ಸೊಸೆ ಎದ್ದು ಕೂತರೆ ಅವಳ ಪೂರ್ತಿ ಮುಡಿ ಕೊಡಿಸುತ್ತೇನೆ ಅಂತ. ನಾನು ಎದ್ದು ಕೂತೆ. ಸುದ್ದಿ ಕೇಳಿ ಮತ್ತೆ ಮಲಗುವ ಹಾಗಾಯಿತು. ಹರಕೆ ಹೊತ್ತವರು ಅವರು, ಕೂದಲು ನನ್ನದು, ಇದು ಯಾವ ಊರಿನ ನ್ಯಾಯ? "ಹೆಂಗಸ್ರು ಮೂರು ಕಡೆ ಕತ್ತರಿ ಹಾಕಿಸಿದ್ರೂ ಸಾಕಂತೆ ಅತ್ತೆ" ಎಂದು ಗೋಗರೆದೆ. "ಮಾತು ಕೊಟ್ಟಾಗಿದೆ" ಎಂದಷ್ಟೇ ಹೇಳಿ ಅವರು ಅಡುಗೆಮನೆಗೆ ಹೋದರು. ನಾನು ದಂಡು ಪ್ರದೇಶದ ಇನ್ಶೂರೆನ್ಸ್ ಆಫೀಸಿನಲ್ಲಿ ಕೌಂಟರಿಗೆ ಕೂರುವವಳು. ಬೋಳು ತಲೆ ಇಟ್ಟುಕೊಂಡು ಜನರ ಮುಖ ಹೇಗೆ ನೋಡಲಿ ಎಂದು ನಿದ್ದೆ ಬರುತ್ತಿರಲಿಲ್ಲ. ಆದರೆ ತಿಮ್ಮಪ್ಪನ ಹತ್ತಿರ ಮಾತು ತಪ್ಪುವ ಧೈರ್ಯ ನನಗೂ ಇರಲಿಲ್ಲ. ಹೊರಟೆ. ಅತ್ತೆಯ ಜೊತೆ ಮಾತು ಬಿಟ್ಟೆ.

ಬೆಟ್ಟದ ಮೇಲೆ ಮುಡಿ ತೆಗೆಯುವವನು ತಲೆಗೆ ನೀರು ತಟ್ಟಿ ಕತ್ತಿ ಇಟ್ಟ. ಜಡೆ ತೊಡೆಯ ಮೇಲೆ ಬಿದ್ದಾಗ ಅದರ ಭಾರಕ್ಕೆ ನನಗೇ ಆಶ್ಚರ್ಯವಾಯಿತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಆಮೇಲೆ ಅವರೇ ಗಂಧ ತಂದು ನನ್ನ ತಲೆಗೆಲ್ಲ ಮೆತ್ತಿದರು. ನಾನು ಅದರ ಮೇಲೊಂದು ಸ್ಕಾರ್ಫ್ ಬಿಗಿದುಕೊಂಡು ಜೀಪು ಹತ್ತಿದೆ.

ಮುಳಬಾಗಿಲಿಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು. ಕಾದ ಕ್ಯಾನ್ವಾಸಿನ ಕೆಳಗೆ ತಲೆ ಉರಿಯುತ್ತಿತ್ತು. ಕಾಫಿಗೆ ನಿಲ್ಲಿಸಿದಾಗ, "ರೀ, ಟಾಪು ಬಿಚ್ಚಿ. ಇನ್ನು ಯಾರ ಕೂದಲು ಹಾಳಾಗ್ಬೇಕು?" ಎಂದೆ. ಅವರು ತಾಯಿಯ ಮುಖ ನೋಡಿದರು. ಅತ್ತೆ ಹೋಟೆಲಿನ ಬೋರ್ಡು ಓದತೊಡಗಿದರು. ಅಷ್ಟು ವರ್ಷ ತುಕ್ಕು ಹಿಡಿದಿದ್ದ ಬಕಲುಗಳನ್ನು ನಮ್ಮ ಯಜಮಾನರು ಕಣ್ಣು ಮಿಟುಕಿಸುವುದರಲ್ಲಿ ಬಿಚ್ಚಿ, ಕ್ಯಾನ್ವಾಸು ಸುತ್ತಿ ಕಟ್ಟಿದರು. ಹೆಂಡತಿ ಅತ್ತು ಕಣ್ಣು ಕೆಂಪಾಗಿರುವಾಗ ಗಂಡನಾದವನು ಅಷ್ಟೊಂದು ಖುಷಿ ಪಡಬಾರದಿತ್ತು.

ಕೋಲಾರ ದಾಟಿದ ಮೇಲೆ ರಸ್ತೆ ಅಗಲವಾಯಿತು. ಅವರು ಆಕ್ಸಿಲರೇಟರ್ ಒತ್ತಿದರು. ಗೇರಿನ ಕಡ್ಡಿ ಥರಥರ ನಡುಗಿತು, ಸೀಟು ನಡುಗಿತು, ನನ್ನ ಹಲ್ಲೂ ನಡುಗಿದವು. ಎದುರಿನ ಲಾರಿ ಹಾದುಹೋದಾಗಲೆಲ್ಲ ಗಾಳಿ ಕೆನ್ನೆಗೆ ಬಾರಿಸುತ್ತಿತ್ತು. ಸ್ಕಾರ್ಫಿನ ಗಂಟು ಸಡಿಲವಾದದ್ದು ಗೊತ್ತಾಗುವ ಮುಂಚೆಯೇ ಅದು ಹಾರಿ ಟೊಮೆಟೊ ಹೊಲದಲ್ಲಿ ಬಿದ್ದಿತು. ಅವರ ಕಾಲು ಬ್ರೇಕಿಗೆ ಹೋಯಿತು. "ಬೇಡ, ಹೋಗಿ!" ಎಂದು ಕೂಗಿದೆ. ಯಾಕೆಂದರೆ ಅಷ್ಟರಲ್ಲಿ ಗಾಳಿ ನನ್ನ ಬರಿ ತಲೆಯನ್ನು ಮುಟ್ಟಿತ್ತು. ಗಂಧ ಮೊದಲು ತಣ್ಣಗಾಯಿತು, ಆಮೇಲೆ ಬಿರಿದು, ಪುಡಿಯಾಗಿ ಹಿಂದೆ ಕೂತಿದ್ದ ಅತ್ತೆಯ ಮುಖಕ್ಕೆ ಹಾರತೊಡಗಿತು. ಹುಟ್ಟಿದಂದಿನಿಂದ ಹೊತ್ತ ಹೊರೆಯನ್ನು ಯಾರೋ ಇಳಿಸಿಕೊಂಡ ಹಾಗಿತ್ತು. ನನಗೆ ನಗು ಬಂತು. ನಗುವಿನ ಹಿಂದೆಯೇ ಇಷ್ಟು ದಿನ ನುಂಗಿಕೊಂಡಿದ್ದ ಕೋಪವೂ ಬಾಯಿಗೆ ಬಂತು.

ಹಿಂದೆ ತಿರುಗಿ ಗಂಟಲು ಹರಿಯುವ ಹಾಗೆ ಕೂಗಿದೆ. "ಹರಕೆ ಹೊತ್ಕೊಳೋದಾದ್ರೆ ನಿಮ್ ಕೂದಲು ಕೊಡ್ತೀನಿ ಅನ್ಬಹುದಿತ್ತಲ್ಲ ಅತ್ತೆ!"

"ಏನೇ?"

"ನಿಮ್ ಕೂದಲು! ನನ್ನದೇ ಯಾಕೆ?"

ಅತ್ತೆ ಕಂಬಿ ಹಿಡಿದುಕೊಂಡು ಮುಂದೆ ಬಾಗಿದರು. ಜಗಳ ಶುರುವಾಯಿತೆಂದು ಯಜಮಾನರು ಹೆದರಿ ವೇಗ ತಗ್ಗಿಸಿದರು. ಹಾಗಾಗಿ ಅತ್ತೆ ಕೂಗಿದ್ದು ಅಕ್ಕಪಕ್ಕದ ಹೊಲದವರಿಗೂ ಕೇಳಿಸಿರಬೇಕು.

"ನನ್ನ ನಾಲ್ಕು ಕೂದಲಿಗೆ ಯಾವ ದೇವ್ರು ನಿನ್ನ ವಾಪಸ್ ಕೊಡ್ತಾನೆ? ಮನೇಲಿದ್ದ ಆಸ್ತಿ ಅದೊಂದೇ ಅಲ್ವೇನೆ!"

ನನ್ನ ಕೋಪ ಅಲ್ಲೇ ಕರಗಿತು. ಆ ಆಸ್ತಿಗೆ ಭಾನುವಾರ ಭಾನುವಾರ ಎಣ್ಣೆ ಹಚ್ಚಿದವರು, ಸೀಗೆಕಾಯಿ ಕುಟ್ಟಿದವರು, ಹೆರಳು ಹಾಕಿದವರು ಅವರೇ. ನಾನು ಬರೀ ಹೊತ್ತುಕೊಂಡು ತಿರುಗಿದವಳು. ಕೈ ಹಿಂದಕ್ಕೆ ಚಾಚಿದೆ, ಅವರು ಹಿಡಿದುಕೊಂಡರು. "ಇನ್ನೇನು, ಓಡ್ಸೋ" ಎಂದು ಮಗನಿಗೆ ಗದರಿದರು.

ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಗಾಳಿ ನಿಂತಿತು, ಹಳೆಯ ನಾಚಿಕೆ ಮತ್ತೆ ಬಂತು. ಸ್ಕಾರ್ಫ್ ಇಲ್ಲ, ಟಾಪು ಇಲ್ಲ, ಪಕ್ಕದಲ್ಲೇ ಜನ ತುಂಬಿದ ಬಸ್ಸು. "ಟಾಪು ಹಾಕ್ಲಾ? ಇನ್ಮುಂದೆ ಎಲ್ಲ ಗೊತ್ತಿರೋ ಜನ" ಎಂದು ಯಜಮಾನರು ಮೆಲ್ಲಗೆ ಕೇಳಿದರು.

ನಾನು ಬಾಯಿ ತೆಗೆಯುವಷ್ಟರಲ್ಲಿ ಬಸ್ಸಿನ ಕಿಟಕಿಯಿಂದ ಒಬ್ಬ ಹೆಂಗಸು ಕೈ ಚಾಚಿದಳು. "ತಿರುಪತಿಗೆ ಹೋಗಿದ್ರಾ? ಒಂದ್ ಚೂರು ಪ್ರಸಾದ ಕೊಡಿ ತಾಯಿ." ಅತ್ತೆ ಎದ್ದು ನಿಂತು ಲಡ್ಡು ಮುರಿದು ಕೊಟ್ಟರು. ಇನ್ನೆರಡು ಕೈ ಬಂದವು, ಅವಕ್ಕೂ ಕೊಟ್ಟರು. ಆ ಹೆಂಗಸು ಪ್ರಸಾದ ಕಣ್ಣಿಗೊತ್ತಿಕೊಂಡು ನನ್ನ ತಲೆ ನೋಡಿ, "ಮಗಳಾ?" ಎಂದಳು.

"ಸೊಸೆ. ಕೂದಲು ಕೊಟ್ಟು ಬಿಡಿಸ್ಕೊಂಡ್ ಬಂದಿದೀನಿ" ಎಂದರು ಅತ್ತೆ, ಅಡವಿಟ್ಟ ಸರವನ್ನು ಕೊರಳಿಗೆ ಹಾಕಿಕೊಂಡು ಬಂದವರ ಹಾಗೆ.

"ಟಾಪು ಬೇಡ ರೀ" ಎಂದೆ. ಹಲಸೂರು ದಾಟಿ ಜೋಗುಪಾಳ್ಯದ ನಮ್ಮ ಬೀದಿಗೆ ತಿರುಗುವವರೆಗೂ ಅತ್ತೆ ಹಿಂದಿನಿಂದ ನನ್ನ ಕಿವಿಯ ಮಗ್ಗುಲಿನ ಗಂಧವನ್ನು ಸೆರಗಿನಿಂದ ಒರೆಸುತ್ತಾ ಕೂತಿದ್ದರು.