ಹೆಚ್ಚಿದ ಬಳೆಗಳು

ನಮ್ಮ ಮನೆಯಲ್ಲಿ ಅಕ್ಕಿ ಎಂದೂ ಮುಗಿದದ್ದಿಲ್ಲ. ಡಬ್ಬಿಯ ತಳಕ್ಕೆ ಪಾವು ತಾಗಿ ಠಣ್ಣೆಂದ ದಿನ ನನ್ನ ಹೆಂಡತಿ ಅಡುಗೆಮನೆಯಿಂದಲೇ 'ಅಕ್ಕಿ ಹೆಚ್ಚೈತೆ ಕಣ್ರೀ' ಎನ್ನುತ್ತಾಳೆ. ನಾನು ಚೀಲ ಹಿಡಿದು ಹೊನ್ನಾಳಿಯ ಪೇಟೆಗೆ ಹೊರಡುತ್ತೇನೆ. ನಿಮ್ಮ ಮನೆಯಲ್ಲೂ ಉಪ್ಪು, ಅರಿಸಿನ, ಕುಂಕುಮಗಳು ಹೀಗೆಯೇ ಹೆಚ್ಚುತ್ತಿರಬಹುದು. ದೀಪವನ್ನು ನಾವು ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಬಳೆಯಂತೂ ಒಡೆಯುವ ಪ್ರಶ್ನೆಯೇ ಇಲ್ಲ. ಒಗೆಯುವ ಕಲ್ಲಿಗೆ ಬಡಿದು ಚೂರುಚೂರಾದರೂ ಅದು ಹೆಚ್ಚಿದ್ದೇ ಹೊರತು ಒಡೆದದ್ದಲ್ಲ. ಒಡೆಯುವುದು ಗಂಡ ಸತ್ತವಳ ಬಳೆ ಮಾತ್ರ. ಅಭಾವಕ್ಕೂ ಸಮೃದ್ಧಿಯ ಅಂಗಿ ತೊಡಿಸಿ ಕೂರಿಸುವ ಈ ಭಾಷೆಯನ್ನು ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದ ನನಗೆ ಇದೊಂದು ಸೊಗಸಾದ ಅಲಂಕಾರವೆಂದಷ್ಟೇ ತೋರುತ್ತಿತ್ತು.

ಇಂಥ ನನ್ನನ್ನು ಒಂದು ಕಚೇರಿಯವರು ಕರೆಸಿದರು. ಗ್ರಾಮೀಣ ಸಣ್ಣ ವ್ಯಾಪಾರಿಗಳಿಗೆ ಸಿಗುವ ಸರ್ಕಾರಿ ಸಾಲಕ್ಕೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕಿನವರು ಮನೆಯಲ್ಲೇ ಕೂತು ಮೊಬೈಲಿನಲ್ಲಿ ತುಂಬಬಹುದಾದ ಅರ್ಜಿಯೊಂದನ್ನು ಅವರು ಸಿದ್ಧಪಡಿಸುತ್ತಿದ್ದರು. ಬಿಳಿಚೋಡಿನವರು ಜಗಳೂರಿಗೆ, ಉಬ್ರಾಣಿಯವರು ಚನ್ನಗಿರಿಗೆ ಬಸ್ಸು ಹತ್ತಿ ಅಲೆಯುವುದು ತಪ್ಪಲಿ ಎಂಬ ಆಶಯವೇನೋ ದೊಡ್ಡದೇ. ಆದರೆ ಅರ್ಜಿಯ ಕನ್ನಡವನ್ನು ಯಂತ್ರ ಬರೆದಿತ್ತು. ಎಲ್ಲವನ್ನೂ ತುಂಬಿದ ಅರ್ಜಿದಾರ ಕಡೆಯಲ್ಲಿ ಒತ್ತಬೇಕಾದ ಗುಂಡಿಯ ಮೇಲೆ 'ಶರಣಾಗಿ' ಎಂದಿತ್ತು. ತಾತ್ತ್ವಿಕವಾಗಿ ಅದೇ ಸರಿಯೆಂದು ಈಗ ಅನ್ನಿಸುತ್ತದೆ. ಅಂದು ಮಾತ್ರ ಪಂಡಿತರ ನಗೆ ನಕ್ಕು 'ಸಲ್ಲಿಸಿ' ಎಂದು ತಿದ್ದಿದೆ. 'ಸರಕಿನ ಪ್ರಮಾಣದಲ್ಲಿ ವೃದ್ಧಿ ಸಂಭವಿಸಿದೆಯೇ' ಎಂಬುದನ್ನು ಕಂಡು, ಪಾಪ, ಹಳ್ಳಿಯವರಿಗೆ ಇದು ಅರ್ಥವಾದೀತೆ ಎಂದು ಮರುಗಿ, 'ನಿಮ್ಮ ಸರಕು ಹೆಚ್ಚಿದೆ, ಕಡಿಮೆಯಾಗಿದೆ, ಮೊದಲಿನಷ್ಟೇ ಇದೆ' ಎಂದು ಅಚ್ಚಗನ್ನಡದಲ್ಲಿ ಬರೆದುಕೊಟ್ಟೆ. ಅಡುಗೆಮನೆಯ ಕನ್ನಡ ಕಚೇರಿಯವರೆಗೂ ಬಂದೀತೆಂದು ಹೊಳೆಯಲಿಲ್ಲ. ಅರ್ಜಿದಾರರು ತಮ್ಮ ಮಾತಿನಲ್ಲೇ ಬರೆಯಲು ಒಂದಿಷ್ಟು ಖಾಲಿ ಜಾಗವಿರಲಿ ಎಂದದ್ದಕ್ಕೆ ಅಲ್ಲಿಯ ತಂತ್ರಜ್ಞರು, 'ಬ್ಯಾಡ ಸಾರ್, ಜಾಗ ಕೊಟ್ರೆ ಜನ ಕಥೆ ಬರಿಯಾಕೆ ಶುರು ಮಾಡ್ತಾರೆ' ಎಂದರು. ಕಥೆ ಬರೆಯುವವರ ಕಾಟ ನನಗೂ ಗೊತ್ತಿದ್ದುದರಿಂದ ಸುಮ್ಮನಾದೆ.

ನ್ಯಾಮತಿಯ ಮಾಬುಬಿ ನಮ್ಮ ಮನೆಗೆ ಬಹುಕಾಲದಿಂದ ಬಳೆ ತೊಡಿಸಲು ಬರುವಾಕೆ. ಶ್ರಾವಣದ ವ್ಯಾಪಾರಕ್ಕೆಂದು ಆಕೆಯ ಗಂಡ ದಾವಣಗೆರೆಯಿಂದ ತರುತ್ತಿದ್ದ ಸರಕೆಲ್ಲ ಲಗೇಜು ಆಟೊ ಮಗುಚಿ ಗಾಜಿನ ಪುಡಿಯಾಯಿತು; ಗಂಡ ಆಸ್ಪತ್ರೆ ಸೇರಿ ಪ್ರಜ್ಞೆಯಿಲ್ಲದೆ ಮಲಗಿದ. ಮತ್ತೆ ಸರಕು ಹಾಕಿಕೊಳ್ಳದಿದ್ದರೆ ಹಬ್ಬದ ವ್ಯಾಪಾರ ಹೋಯಿತು, ಅದು ಹೋದರೆ ವರ್ಷವೇ ಹೋಯಿತು. ಸರಕು ಕಳೆದುಕೊಂಡವರಿಗೆ ಈ ಸಾಲ ಬೇಗ ಸಿಗುತ್ತದೆಂದು ಹೇಳಿದವನು ನಾನೇ. ಓದು ಬಲ್ಲ ಮಾಬುಬಿ ಯಾರ ಹಂಗೂ ಇಲ್ಲದೆ ತಾನೇ ಅರ್ಜಿ ತುಂಬಿದಳು. ಸರಕಿನ ಪ್ರಶ್ನೆ ಬಂದಾಗ ಬಳೆ ಮಾರುವ ಹೆಂಗಸು ಬೇರೇನನ್ನು ಒತ್ತಿಯಾಳು? 'ಹೆಚ್ಚಿದೆ' ಎಂದು ಒತ್ತಿದಳು. ಯಂತ್ರ ಆಕೆಯ ಏಳಿಗೆಯನ್ನು ಮೆಚ್ಚಿ ಅರ್ಜಿಯನ್ನು ತಿರಸ್ಕರಿಸಿತು.

ಕಚೇರಿಗೆ ಫೋನು ಮಾಡಿದೆ. ತಿದ್ದುಪಡಿಗೆ ಒಂದೇ ಅವಕಾಶ, ಅದೂ ಅಂದು ಸಂಜೆ ಐದರೊಳಗೆ ಎಂದರು. ಸುದ್ದಿ ಮುಟ್ಟಿಸಿದೊಡನೆ ಮಾಬುಬಿ ಬಸ್ಸು ಹಿಡಿದು ಏದುಸಿರು ಬಿಡುತ್ತಾ ಬಂದಳು. ಆಕೆಯ ಮೊಬೈಲು ಹಿಡಿದು ನಾನೇ ಕೂತೆ. 'ಹೆಚ್ಚಿದೆ' ಅಳಿಸಿ 'ಕಡಿಮೆಯಾಗಿದೆ' ಒತ್ತಿದ ಮೇಲೆ ಹೊಸ ಪ್ರಶ್ನೆ ಬಂತು: ಸರಕಿಗೆ ಏನಾಯಿತು ಎಂಬಲ್ಲಿ ಒಡೆದಿದೆ, ಸುಟ್ಟಿದೆ, ಕಳುವಾಗಿದೆ ಎಂಬ ಮೂರೇ ಉತ್ತರಗಳಿದ್ದವು. ಮೊದಲನೆಯದನ್ನು ಒತ್ತುತ್ತಲೇ ಯಂತ್ರವು ಆಕೆಯ ಹೆಸರು, ಊರು, ಸರಕುಗಳನ್ನು ಪೋಣಿಸಿ ಒಂದು ವಾಕ್ಯ ಕಟ್ಟಿ ತೋರಿಸಿತು: 'ನ್ಯಾಮತಿಯ ಮಾಬುಬಿ ಎಂಬ ನಾನು, ನನ್ನ ಬಳೆಗಳು ಒಡೆದಿವೆ ಎಂದು ಪ್ರಮಾಣೀಕರಿಸುತ್ತೇನೆ.' ಕೆಳಗೆ 'ಒಪ್ಪುತ್ತೇನೆ' ಎಂಬ ಹಸಿರು ಗುಂಡಿ. ವ್ಯಾಕರಣದಲ್ಲಿ ಒಂದು ದೋಷವೂ ಇರಲಿಲ್ಲ.

ಮಾಬುಬಿ ಬಗ್ಗಿ ಓದಿದಳು. 'ನಮ್ಮನೆಯೋರು ಅಲ್ಲಿ ಹಂಗೆ ಮಲಗಿದಾರೆ. ನಾನು ಇದನ್ನ ಹೆಂಗೆ ಒಪ್ಲಿ ಮೇಷ್ಟ್ರೇ? ಬ್ಯಾರೆ ಮಾತು ಹಾಕಾಕೆ ಬರಲ್ವಾ?'

ಬೇರೆ ಮಾತು! ಕನ್ನಡದಲ್ಲಿ ಮಾತಿಗೇನು ಬರ? ಭಗ್ನ, ಛಿನ್ನ, ಚೂರ್ಣ ಎಂದು ಸಂಸ್ಕೃತದಿಂದಲೂ ಕಡ ತರಬಹುದಿತ್ತು. ಬರೆಯಲು ಬೆರಳಗಲದ ಜಾಗ ಮಾತ್ರ ಇರಲಿಲ್ಲ. 'ಕಳುವಾಗಿದೆ' ಒತ್ತಿ ನೋಡಿದರೆ ಪೊಲೀಸ್ ದೂರಿನ ಪ್ರತಿ ಕೇಳಿತು. ಮತ್ತೆ ಹಿಂದಿನ ವಾಕ್ಯಕ್ಕೇ ಬಂದು, 'ಇದು ಬರೀ ಮಾತಮ್ಮ' ಎಂದೆ.

'ಬರೀ ಮಾತಾದ್ರೆ ನೀವೇ ಒತ್ರಿ' ಎಂದು ಆಕೆ ಮುಖ ಆಚೆ ತಿರುಗಿಸಿ ಕೂತಳು.

ಶಕುನ, ಮುಹೂರ್ತಗಳನ್ನೆಲ್ಲ ತರಗತಿಯಲ್ಲಿ ಗೇಲಿ ಮಾಡುತ್ತ ಬಂದ ವಿಚಾರವಾದಿ ನಾನು. ಓದುಗ ಮಿತ್ರರೇ, ನನ್ನ ಬೆರಳು ಆ ಗುಂಡಿಯ ಮೇಲೆ ಹೋಗಿ ನಿಂತಿತು, ಇಳಿಯಲಿಲ್ಲ. ಒತ್ತಿದರೆ ಆಸ್ಪತ್ರೆಯಲ್ಲಿರುವವನಿಗೆ ಏನೂ ಆಗದೆಂದು ಚೆನ್ನಾಗಿ ಗೊತ್ತಿತ್ತು. ಒತ್ತಿದ ಮೇಲೆ ಏನಾದರೂ ಆದರೆ ಈ ಹೆಂಗಸಿನ ಮುಖ ಹೇಗೆ ನೋಡಲಿ ಎಂಬುದು ಗೊತ್ತಾಗಲಿಲ್ಲ. ಹೆಂಡತಿಯನ್ನು ಕರೆದೆ, ಆಕೆ ಪರದೆಯ ಮೇಲಿನ ವಾಕ್ಯ ಓದಿ, ಮುಂಗೈಯ ಬಳೆಗಳ ಮೇಲೆ ಸೆರಗೆಳೆದುಕೊಂಡು ಒಳಗೆ ಹೋದಳು.

ಐದು ಗಂಟೆಯಾಯಿತು. ಯಂತ್ರಕ್ಕೆ ಮಾತಿನ ಮೈಲಿಗೆಯಿಲ್ಲ. 'ಅವಧಿ ಮುಗಿದಿದೆ' ಎಂದು ಕೆಂಪಕ್ಷರದಲ್ಲಿ ತೋರಿಸಿತು. ಈ ಅರ್ಜಿಗೂ ಅದಕ್ಕೆ ಕನ್ನಡ ಕಲಿಸಹೋದ ನನ್ನ ಪಾಂಡಿತ್ಯಕ್ಕೂ ಬೆಂಕಿ ಬೀಳಲಿ ಎನ್ನಿಸಿತು.

'ಏನಂತ ಬಂತು ಮೇಷ್ಟ್ರೇ?' ಮಾಬುಬಿ ತಿರುಗದೆಯೇ ಕೇಳಿದಳು.

ಮುಗಿಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. 'ಟೈಮು ಹೆಚ್ಚೈತಮ್ಮ' ಎಂದೆ.

ಇನ್ನಷ್ಟು ಹೊತ್ತು ಸಿಕ್ಕಿತೆಂದು ಆಕೆ ತಪ್ಪು ತಿಳಿಯಲಿಲ್ಲ. ಮೊಬೈಲು ಇಸಿದುಕೊಂಡು ನ್ಯಾಮತಿಯ ಬಸ್ಸಿಗೆ ಎದ್ದಳು.